ಹಳ್ಳದ ಕಡೆಗೆ ಹೊರಟ ಕಚೇರಿ

ನಮ್ಮೂರಿನಲ್ಲಿ ಸರ್ಕಾರಿ ಕಚೇರಿಯ ವಿಳಾಸವನ್ನು ಯಾರೂ ಬರೆದಿಟ್ಟುಕೊಳ್ಳುವುದಿಲ್ಲ. ಕೆಲಸವಿದ್ದವರು ಬೆಳಗ್ಗೆ ಎದ್ದು, ಹಾಲು ತರುವವನನ್ನೋ ಬಸ್ಸಿನ ಕಂಡಕ್ಟರನನ್ನೋ ಕೇಳಿಕೊಂಡು ಹೊರಡುತ್ತಾರೆ. ಜನರ ಕೆಲಸ ನಡೆಯುವ ಕಚೇರಿ ಪೇಟೆ ನಡುವಿನ ಕಲ್ಲುಕಟ್ಟೆಯ ಕಡೆಗೆ ಸರಿಯುತ್ತದೆ. ನಡೆಯದ ಕಚೇರಿ ಅದರಿಂದ ದೂರವಾಗುತ್ತದೆ. ಸರಿಯುವುದು ಯಾರ ಕಣ್ಣಿಗೂ ಕಾಣುವುದಿಲ್ಲ. ಬಳ್ಳಿಯಲ್ಲಿ ಕುಂಬಳಕಾಯಿ ದಪ್ಪವಾಗುವುದನ್ನು ಯಾರು ಕಂಡಿದ್ದಾರೆ, ಹಾಗೆ. ದಾರಿಗೆ ಮನೆ ಅಡ್ಡ ಬಂದರೆ ಬಳಸಿಕೊಂಡು ಹೋಗುತ್ತದೆ, ಮರ ಬಂದರೆ ಕೆಲವು ದಿನ ನಿಂತು ಯೋಚಿಸಿದಂತೆ ಮಾಡಿ ಆಮೇಲೆ ಪಕ್ಕಕ್ಕೆ ಹೊರಳುತ್ತದೆ. ಜನ ಇದಕ್ಕೆಲ್ಲ ಹೊಂದಿಕೊಂಡಿದ್ದಾರೆ. ಕಚೇರಿಗಳಿಗೆ ಎಳೆಯುವ ಕರೆಂಟಿನ ತಂತಿಯನ್ನು ಸುರುಳಿ ಸುತ್ತಿ ಸಡಿಲವಾಗಿ ಬಿಟ್ಟಿರುತ್ತಾರೆ. ನೀರಿಗೆ ರಬ್ಬರಿನ ಪೈಪು. ಮದುವೆ ಕರೆಯೋಲೆಯಲ್ಲಿ ‘ತಹಸೀಲಿ ಕಚೇರಿಯ ಹಿಂಭಾಗ’ ಎಂದು ಅಚ್ಚು ಹಾಕಿಸಿದ ಒಬ್ಬ ಬೀಗರಿಗೆ ಅರ್ಧ ನೆಂಟರು ಊಟ ಮುಗಿದ ಮೇಲೆ ಬಂದಿದ್ದರಂತೆ. ಆಮೇಲೆ ಆ ತಪ್ಪನ್ನು ಯಾರೂ ಮಾಡಿಲ್ಲ.

ಊರಿನ ಪಡುವಣಕ್ಕೆ ಒಂದು ಹಳ್ಳವಿದೆ. ಹಳ್ಳ ದಾಟಿದ ಕಚೇರಿ ಸರ್ಕಾರದ್ದಲ್ಲ ಎಂಬುದು ಹಿಂದಿನಿಂದ ನಡೆದುಬಂದ ನಿಯಮ. ನಾನು ಚಿಕ್ಕವನಿದ್ದಾಗ ಬೀಜ ಪರೀಕ್ಷೆಯ ಕಚೇರಿ ಹಾಗೆ ದಾಟಿತು. ಅದರ ಸಾಹೇಬರು ಆಮೇಲೂ ದಿನಾ ಚಪ್ಪಲಿ ಕೈಯಲ್ಲಿ ಹಿಡಿದು ನೀರು ದಾಟಿ ಹೋಗಿ, ಸಂಜೆಯವರೆಗೆ ಕೂತು ಬರುತ್ತಿದ್ದರು. ಅವರ ಮೊಹರು ಯಾವ ಅಂಗಡಿಯಲ್ಲೂ ನಡೆಯುತ್ತಿರಲಿಲ್ಲ. ಈಗ ಆ ಕಟ್ಟಡದಲ್ಲಿ ಕುರಿಗಳು ಮಲಗುತ್ತವೆ.

ನಾನು ಅಳತೆ ಶಾಖೆಯ ಗುಮಾಸ್ತನಾಗಿದ್ದೆ. ಹೆಸರು ವಿರೂಪಾಕ್ಷಪ್ಪ. ತಿಂಗಳಿಗೊಮ್ಮೆ ನಾನೂ ಜವಾನ ಯಮನಪ್ಪನೂ ಕಬ್ಬಿಣದ ಸರಪಳಿ ಹೊತ್ತು, ಕಲ್ಲುಕಟ್ಟೆಯಿಂದ ಹೊರಟು, ಒಂದೊಂದು ಕಚೇರಿಯ ಗೋಡೆಯವರೆಗೂ ಅಳೆಯುತ್ತಿದ್ದೆವು. ಗೋಡೆಗೆ ಸರಪಳಿ ತಾಗಿತೋ, ನಮ್ಮ ಕೆಲಸ ಮುಗಿಯಿತು. ಒಳಗೆ ಕಾಲಿಡಬಾರದು ಎಂದು ನಮ್ಮ ಮೇಲಧಿಕಾರಿ ನಾಡಗೌಡರ ಕಟ್ಟಪ್ಪಣೆ. ಒಳಗೆ ಹೋದರೆ ಚಹಾ ಕುಡಿಸುತ್ತಾರೆ, ಚಹಾ ಕುಡಿದರೆ ಸರಪಳಿ ಕುಗ್ಗುತ್ತದೆ ಎನ್ನುತ್ತಿದ್ದರು. ಹೀಗಾಗಿ ಊರಿನ ಪ್ರತಿಯೊಂದು ಕಚೇರಿಯ ಹೊರಗೋಡೆಯ ಬಿರುಕೂ ನನಗೆ ಪರಿಚಯ, ಒಳಗೆ ಕೂತವರ ಮುಖ ಮಾತ್ರ ಗೊತ್ತಿರಲಿಲ್ಲ. ಅಳತೆ ಶಾಖೆಯನ್ನು ಅಳೆಯುವವರು ಯಾರೂ ಇರಲಿಲ್ಲ. ಅಳೆಯಬೇಕೆಂದು ಯಾರಿಗೂ ತೋಚಿರಲಿಲ್ಲ.

ಆ ವರ್ಷ ನನಗೆ ಕೂತಲ್ಲಿ ಕೂರಲು ಆಗುತ್ತಿರಲಿಲ್ಲ. ಯಾಕೆಂದು ಹೇಳಲಾರೆ. ಊಟದ ತಟ್ಟೆ ಹಿಡಿದು ಪಡಸಾಲೆಯಲ್ಲಿ ಅಡ್ಡಾಡುತ್ತಿದ್ದೆ. ಹೆಂಡತಿ ಇಂದುಮತಿ, ಇಷ್ಟು ವರ್ಷ ಸರಪಳಿ ಹಿಡಿದು ನಡೆದೂ ನಡೆದೂ ಇವರ ಕಾಲಿಗೆ ನಿಲ್ಲುವುದು ಮರೆತುಹೋಗಿದೆ ಎಂದು ನೆರೆಯವರ ಮುಂದೆ ನಗುತ್ತಿದ್ದಳು. ನಾನೂ ನಗುತ್ತಿದ್ದೆ. ಆದರೆ ಎಲ್ಲಿಯೋ ಒಲೆ ಆರಿಸದೆ ಬಂದವನ ಹಾಗೆ ಒಂದು ತಳಮಳ ಎದೆಯಲ್ಲಿ ಓಡಾಡುತ್ತಲೇ ಇತ್ತು.

ಅದೇ ಹೊತ್ತಿಗೆ ಹೊಸ ಆಯುಕ್ತರು ಬಂದರು. ವಯಸ್ಸು ಚಿಕ್ಕದು, ಮಾತು ಕಡಿಮೆ, ಊರಿಗೆ ಒಳ್ಳೆಯದು ಮಾಡಬೇಕೆಂಬ ಹಂಬಲ ನಿಜವಾಗಿಯೂ ಇದ್ದವರು. ದೂರವೊಂದನ್ನೇ ಅಳೆದರೆ ಏನು ತಿಳಿಯುತ್ತದೆ, ಯಾವ ಕಚೇರಿಯಲ್ಲಿ ಎಷ್ಟು ಮಂದಿ ಇದ್ದಾರೆ, ತಲೆಗೆ ಎಷ್ಟು ಕೆಲಸ ಬಿತ್ತು ಎಂಬುದೂ ಜನಕ್ಕೆ ಗೊತ್ತಾಗಬೇಡವೇ ಎಂದರು. ಎಲ್ಲವನ್ನೂ ಸೇರಿಸಿ ಒಂದು ದೊಡ್ಡ ಫಲಕ ಬರೆಸಿ ಕಲ್ಲುಕಟ್ಟೆಯ ಮೇಲೆ ನಿಲ್ಲಿಸಬೇಕೆಂದು ಆಜ್ಞೆ ಮಾಡಿದರು. ಫಲಕದ ಲೆಕ್ಕ ತಯಾರಿಸುವ ಕೆಲಸವನ್ನು ನಾಡಗೌಡರು ನನ್ನ ತಲೆಗೆ ಕಟ್ಟಿದರು.

ನಾನು ಪಗಾರದ ಪಟ್ಟಿಗಳನ್ನು ತರಿಸಿದೆ, ಹಾಜರಿ ಪುಸ್ತಕಗಳನ್ನು ತರಿಸಿದೆ, ಕಚೇರಿಗಳು ತಮ್ಮ ಬಗ್ಗೆ ತಾವೇ ಬರೆದು ಕಳಿಸುವ ಮಾಸಿಕ ವರದಿಗಳನ್ನೂ ತರಿಸಿದೆ. ಮೂರೂ ಮೂರು ದಿಕ್ಕಿಗೆ ಮುಖ ಮಾಡಿ ಕೂತವು. ಒಂದರಲ್ಲಿ ಇದ್ದ ಮನುಷ್ಯ ಇನ್ನೊಂದರಲ್ಲಿ ಇಲ್ಲ. ಒಂದು ಕಚೇರಿ ತಾನು ಬೆಟ್ಟ ಕಡಿದೆನೆಂದು ವರದಿ ಕೊಟ್ಟಿದೆ, ಸರಪಳಿ ನೋಡಿದರೆ ಅದು ಊರ ಹೊರಗಿನ ಇಟ್ಟಿಗೆ ಭಟ್ಟಿಯ ಹತ್ತಿರ ನಿಂತಿದೆ. ನಾನು ಹೋಗಿ ಕೇಳಿದಾಗ ಆಯುಕ್ತರು ಸ್ವಲ್ಪ ಯೋಚಿಸಿ, ಸರ್ಕಾರ ಯಾರಿಗೆ ಪಗಾರ ಕೊಡುತ್ತದೋ ಅವನೇ ನೌಕರ, ಪಗಾರದ ಪಟ್ಟಿಯನ್ನೇ ಹಿಡಿಯಿರಿ ಎಂದರು. ಕೇಳಲು ಸರಿಯಾಗಿಯೇ ಇತ್ತು. ಹಾಗೆ ಹಿಡಿದು ಲೆಕ್ಕ ಹಾಕಿದೆ. ಜನನ ಮರಣ ನೋಂದಣಿ ಕಚೇರಿ ಎಲ್ಲಕ್ಕಿಂತ ಕೆಳಗೆ ಬಂತು. ಆರು ಜನ ಪಗಾರ ತಿನ್ನುವ ಕಚೇರಿ, ಕೆಲಸ ಮಾತ್ರ ಒಬ್ಬರು ಮಾಡುವಷ್ಟು. ದೂರದಲ್ಲೂ ಅದೇ ಕೊನೆ. ಹಳ್ಳದ ಕಡೆಗೆ ಅಷ್ಟು ಬಿರುಸಾಗಿ ಹೊರಟ ಇನ್ನೊಂದು ಕಚೇರಿಯನ್ನು ನಾನು ನನ್ನ ಸೇವೆಯಲ್ಲಿ ಅಳೆದಿರಲಿಲ್ಲ.

ಲೆಕ್ಕ ನೋಡಿ ಆಯುಕ್ತರಿಗೆ ಸಿಟ್ಟಿಗಿಂತ ಬೇಸರವಾಯಿತು. ಇಂಥ ಕಚೇರಿಯನ್ನು ಹಗ್ಗ ಕಟ್ಟಿ ಎಳೆದು ಫಲವಿಲ್ಲ, ದಾಟುವುದಾದರೆ ದಾಟಲಿ, ಫಲಕ ನಿಲ್ಲಿಸಿದ ದಿನದಿಂದ ಅದರ ಆರು ಹುದ್ದೆಗಳನ್ನೂ ಕಟ್ಟೆಗೆ ಅಂಟಿ ನಿಂತಿರುವ ತೆರಿಗೆ ಕಚೇರಿಗೆ ಕೊಡೋಣ ಎಂದರು. ನಾಡಗೌಡರು ತಲೆಯಾಡಿಸಿದರು. ನಾನೂ ಆಡಿಸಿದೆ. ಆದರೆ ಮನೆಗೆ ಬಂದ ಮೇಲೆ ತಳಮಳ ಹೆಚ್ಚಾಯಿತು. ಆ ಕಚೇರಿ ದಾಟಿದರೆ ಊರಿನಲ್ಲಿ ಹುಟ್ಟುವವರು ಹುಟ್ಟಿದರೆಂದು ಹೇಳುವವರು ಯಾರು, ಸತ್ತವರು ಸತ್ತರೆಂದು ಹೇಳುವವರು ಯಾರು? ಶಾಲೆಯವರು ಕೇಳುವುದು ಆ ಕಾಗದ, ರೇಷನ್ನಿನವರು ಕೇಳುವುದು ಆ ಕಾಗದ, ವಿಧವೆಯರ ಪಿಂಚಣಿಗೂ ಅದೇ. ಜೊತೆಗೆ ಇನ್ನೊಂದು ವಿಷಯ ಮುಳ್ಳಿನ ಹಾಗೆ ಚುಚ್ಚುತ್ತಿತ್ತು. ಪಗಾರದ ಪಟ್ಟಿಯಲ್ಲಿ ಆರು ಹೆಸರಿದ್ದ ಆ ಕಚೇರಿಯ ಹಾಜರಿ ಪುಸ್ತಕದಲ್ಲಿ ಒಂದೇ ಸಹಿ ಇತ್ತು. ಪ್ರತಿದಿನ, ಒಂದೇ ಕೈಯ, ಓರೆಯಾದ ಸಹಿ. ಹೆಸರು ಓದಲು ಬರುತ್ತಿರಲಿಲ್ಲ. ಪಗಾರದ ಪಟ್ಟಿಯನ್ನಾದರೂ ನಾನು ಹೆಸರಿಗೆ ಹೆಸರು ಓದಿದ್ದೆನೇ? ಇಲ್ಲ. ತಲೆ ಎಣಿಸಿ, ಕೆಳಗೆ ಒಟ್ಟು ಬರೆದು, ಪುಟ ತಿರುವಿದ್ದೆ.

ಮರುದಿನ ಸರಪಳಿಯನ್ನು ಬಿಟ್ಟು ಒಬ್ಬನೇ ಹೊರಟೆ. ಹತ್ತಿ ಗಿರಣಿ ದಾಟಿ, ಇಟ್ಟಿಗೆ ಭಟ್ಟಿಗಳನ್ನು ದಾಟಿ, ಜಾಲಿಗಿಡಗಳ ನಡುವೆ ಜನ ನಡೆದು ಬಿದ್ದ ಕಾಲುದಾರಿ ಹಿಡಿದು ಹೋದರೆ ಹಳ್ಳದ ಜೊಂಡು ಕಾಣುವಲ್ಲಿ ಆ ಕಚೇರಿ ನಿಂತಿತ್ತು. ಹಳದಿ ಸುಣ್ಣ, ಮುಂದೆ ಮೂರು ಮೆಟ್ಟಿಲು. ಮೆಟ್ಟಿಲ ಮೇಲೆ, ನೆಲದ ಮೇಲೆ, ಗೋಡೆಯ ನೆರಳು ಬಿದ್ದಲ್ಲೆಲ್ಲ ಜನ ಕೂತಿದ್ದರು. ಪಕ್ಕದಲ್ಲಿ ಹುಸೇನಬಿ ಎಂಬ ಮುದುಕಿ ತಳ್ಳುಗಾಡಿಯಲ್ಲಿ ಚಹಾ ಕಾಸುತ್ತಿದ್ದಳು. ಕಚೇರಿ ಪೇಟೆಯಲ್ಲಿದ್ದಾಗಿನಿಂದ ಅದರ ಬೆನ್ನು ಹತ್ತಿ ಬಂದವಳಂತೆ. ಕಾಯುವ ಜನ ಇರುವವರೆಗೆ ತನ್ನ ಚಹಾಕ್ಕೆ ಕೊರತೆಯಿಲ್ಲ, ಆದರೆ ಗಾಡಿಯ ಗಾಲಿ ಈ ಮಣ್ಣಿನಲ್ಲಿ ಉರುಳುವುದಿಲ್ಲ ಎಂದು ನನ್ನ ಹತ್ತಿರ ದೂರಿದಳು.

ಸಾಲಿನಲ್ಲಿ ನನ್ನ ಮುಂದೆ ಯಲ್ಲವ್ವ ಎಂಬ ಹೆಂಗಸು ಕೂತಿದ್ದಳು. ಹತ್ತಿ ಗಿರಣಿಯಲ್ಲಿ ಕೂಲಿ ಮಾಡುವವಳು. ಇದು ಮೂರನೆಯ ಸಲ ಬರುತ್ತಿರುವುದು, ಪ್ರತಿ ಸಲವೂ ಕಚೇರಿ ಇನ್ನಷ್ಟು ದೂರ ಹೋಗಿರುತ್ತದೆ ಎಂದಳು. ಏನು ಕೆಲಸ ಎಂದು ಕೇಳಿದೆ.

“ನನ್ನ ಗಂಡ ಸತ್ತು ಹೊಲದಾಗ ಮಣ್ಣಾತ್ರಿ. ಕಾಗದದಾಗ ಇನ್ನೂ ಜೀವಂತ ಅದಾನ. ಅವ ಕಾಗದದಾಗೂ ಸಾಯೋತನ ನನಗ ಪಿಂಚಣಿ ಕೊಡಂಗಿಲ್ಲಂತ,” ಎಂದಳು. ಅಳು ಇರಲಿಲ್ಲ, ಗೊಣಗಾಟವೂ ಇರಲಿಲ್ಲ. ಬಸ್ಸು ಎಷ್ಟು ಹೊತ್ತಿಗೆ ಎಂದು ಹೇಳುವ ದನಿ.

ಸಾಲು ಬಿಟ್ಟು ಒಳಗೆ ಹೋದೆ. ಆರು ಮೇಜು, ಆರು ಕುರ್ಚಿ. ಒಂದು ಕುರ್ಚಿಯಲ್ಲಿ ಮಾತ್ರ ಮನುಷ್ಯರು. ರತ್ನಾಬಾಯಿ ಕಟ್ಟಿಮನಿ ಎಂಬ ಆ ಗುಮಾಸ್ತೆ ನಿವೃತ್ತಿಗೆ ಹತ್ತಿರವಿದ್ದವರು. ಕನ್ನಡಕವನ್ನು ಹಣೆಯ ಮೇಲೇರಿಸಿ, ಅರ್ಜಿಯನ್ನು ಮೂಗಿಗೆ ಹಿಡಿದು ಓದುತ್ತಿದ್ದರು. ನಾನು ಅಳತೆ ಶಾಖೆಯವನೆಂದು ತಿಳಿಸಿದೆ. ಅವರು ತಲೆ ಎತ್ತದೆ, ಗೋಡೆ ಹೊರಗೈತಿ, ಅಲ್ಲೇ ಅಳದು ಹೋಗ್ರಿ ಎಂದರು. ಸರಪಳಿ ತಂದಿಲ್ಲ, ಕೇಳಲು ಬಂದಿದ್ದೇನೆ ಎಂದ ಮೇಲೆ ಕನ್ನಡಕ ಇಳಿಸಿ ನನ್ನನ್ನು ನೋಡಿದರು. ನೋಡುತ್ತಲೇ ಇದ್ದರು.

ಪಗಾರದ ಪಟ್ಟಿಯಲ್ಲಿ ಆರು ಜನ ಇದ್ದಾರಲ್ಲ, ಉಳಿದವರು ಎಲ್ಲಿ ಎಂದು ಕೇಳಿದೆ. ಅವರು ಖಾಲಿ ಕುರ್ಚಿಗಳ ಕಡೆ ಒಂದೊಂದಾಗಿ ಕೈ ತೋರಿಸುತ್ತ ಹೇಳಿದರು. ಇವನು ಸಿದ್ಲಿಂಗ, ಆಯುಕ್ತರ ಬಂಗಲೆಯಲ್ಲಿ ಗಿಡಗಳಿಗೆ ನೀರು ಹಾಕುತ್ತಾನೆ, ಹಿಂದಿನ ಆಯುಕ್ತರ ಕಾಲದಿಂದಲೂ. ಈ ಇಬ್ಬರು ಚುನಾವಣೆಗೆಂದು ಹೋದವರು. ಚುನಾವಣೆ ಮುಗಿದು ಇನ್ನೊಂದು ಬಂತು, ತಿರುಗಿ ಬರಲಿಲ್ಲ. ಇವಳು ತೆರಿಗೆ ಕಚೇರಿಯಲ್ಲಿ. ನಿಯೋಜನೆಯ ಮೇಲೆ ತಾತ್ಕಾಲಿಕವಾಗಿ ಹೋದವರು, ಎಲ್ಲರ ಪಗಾರವೂ ಈ ಕಚೇರಿಯ ಹೆಸರಿನಲ್ಲೇ. ಕಿಟಕಿಯ ಬದಿಯ ಕೊನೆಯ ಕುರ್ಚಿಯ ಹತ್ತಿರ ಅವರ ಕೈ ನಿಂತಿತು.

“ಅದು ನಿಮ್ಮದು,” ಎಂದರು.

ನಾನು ಆ ಕುರ್ಚಿಯ ಕಡೆ ತಿರುಗಿ ನೋಡಿದೆ.

“ವಿರೂಪಾಕ್ಷಪ್ಪ ಅಲ್ಲೇನ್ರಿ ನೀವು? ಕೆಲಸಕ್ಕ ಹಾಜರಾದ ದಿನ ಇಲ್ಲೇ ಕುಂತು ಸಹಿ ಮಾಡೀರಿ. ಕಚೇರಿ ಆಗ ಪ್ಯಾಟ್ಯಾಗ ಇತ್ತು, ನೀಲಿ ಬಣ್ಣ ಬಳದಿತ್ತು. ನಾನಽ ನಿಮಗ ಪೆನ್ನು ಕೊಟ್ಟೀನಿ. ಮಧ್ಯಾಹ್ನ ಊಟದ ಹೊತ್ತಿಗೆ ನಾಡಗೌಡ್ರು ಬಂದು, ಹುಡುಗ ಚುರುಕ ಅದಾನ, ಒಂದು ತಿಂಗಳ ಮಟ್ಟಿಗೆ ಕೊಡ್ರಿ ಅಂತ ಕರಕೊಂಡು ಹೋದ್ರು.”

ಆ ದಿನ ನೆನಪಾಯಿತು. ನೀಲಿ ಗೋಡೆ ನೆನಪಾಯಿತು. ನಿಯೋಜನೆ ಎಂಬ ಶಬ್ದವೂ ಎಲ್ಲೋ ಕೇಳಿದ ಹಾಗೆ ನೆನಪಾಯಿತು. ಪಗಾರ ತಿಂಗಳು ತಿಂಗಳಿಗೆ ತಪ್ಪದೆ ಬರುತ್ತಿದ್ದಾಗ ಅದು ಯಾವ ಬಾಗಿಲಿನಿಂದ ಬರುತ್ತದೆ ಎಂದು ಯಾರು ಕೇಳುತ್ತಾರೆ? ನನ್ನದೇ ಕಚೇರಿಯ ಗೋಡೆಗೆ ತಿಂಗಳು ತಿಂಗಳೂ ಸರಪಳಿ ತಾಗಿಸಿ, ಇಷ್ಟು ದೂರ ಹೋಯಿತೆಂದು ಬರೆದುಕೊಂಡು ಹಿಂದಿರುಗಿದ್ದೆ. ಇಷ್ಟು ವರ್ಷ ಯಾಕೆ ಒಂದು ಮಾತು ಹೇಳಲಿಲ್ಲ ಎಂದು ಅವರನ್ನೇ ಕೇಳಿದೆ.

“ನೀವು ಒಳಗ ಬಂದಿದ್ರ ಹೇಳ್ತಿದ್ದೆ,” ಎಂದರು ರತ್ನಾಬಾಯಿ. ಆಮೇಲೆ, ನನ್ನ ಮುಖ ನೋಡಿ ಮೆತ್ತಗಾದರೋ ಏನೋ, ತಮ್ಮ ತಪ್ಪೂ ಇದೆ ಎಂದರು. ನಾಲ್ಕು ಸಲ ಆಳು ಕೊಡಿ ಎಂದು ಬರೆದಿದ್ದರಂತೆ, ಉತ್ತರ ಬಾರದಿದ್ದಾಗ ಸಿಟ್ಟಿನಿಂದ ಒಂದು ವಾರ ಹಾಜರಿ ಸಹಿಯೊಂದನ್ನು ಬಿಟ್ಟು ಪೆನ್ನು ಮುಟ್ಟದೆ ಕೂತಿದ್ದರಂತೆ. ಇಟ್ಟಿಗೆ ಭಟ್ಟಿ ದಾಟಿದ್ದು ಆ ವಾರದಲ್ಲೇ. ಬೈದು ಮಾತಾಡಿದವರ ಅರ್ಜಿಯನ್ನು ಈಗಲೂ ಎಲ್ಲಕ್ಕಿಂತ ಅಡಿಗೆ ಇಡುತ್ತೇನೆ, ಅದು ತಪ್ಪೆಂದು ಗೊತ್ತು ಎಂದರು. ಅಷ್ಟು ಹೇಳಿ ಮುಂದಿನವರನ್ನು ಕರೆದರು.

ಮನೆಗೆ ಹೋಗುವ ದಾರಿಯಲ್ಲಿ ಎರಡು ಸಲ ತಪ್ಪು ತಿರುವು ಹಿಡಿದೆ. ನಮ್ಮ ಶಾಖೆಯ ಒಬ್ಬೊಬ್ಬರನ್ನೂ ನೆನೆಸಿಕೊಂಡೆ. ಯಮನಪ್ಪ ನೀರಿನ ಕಚೇರಿಯಿಂದ ಬಂದವನು. ನಕ್ಷೆ ಬರೆಯುವ ಶಕುಂತಲಾ ಆಸ್ಪತ್ರೆಯಿಂದ. ಊರಿನ ಕಚೇರಿಗಳು ಎಷ್ಟು ಕೆಲಸ ಮಾಡುತ್ತಿವೆ ಎಂದು ಅಳೆಯಲು ನಾವು ಆ ಕಚೇರಿಗಳಿಂದಲೇ ಒಬ್ಬೊಬ್ಬ ಕೆಲಸಗಾರನನ್ನು ಎತ್ತಿಕೊಂಡು ಬಂದು ಕೂತಿದ್ದೆವು.

ಇದನ್ನು ನಾಡಗೌಡರಿಗೆ ಹೇಳಿದಾಗ ಅವರಿಗೆ ಆಶ್ಚರ್ಯವೇನೂ ಆಗಲಿಲ್ಲ. ಬಾಗಿಲು ಮುಂದಕ್ಕೆಳೆದು, ತಮ್ಮ ಪಗಾರವೂ ರಸ್ತೆ ಇಲಾಖೆಯದೇ ಎಂದು ನಕ್ಕರು. ಪಗಾರಕ್ಕೂ ಕೂರುವ ಕುರ್ಚಿಗೂ ಗಂಟು ಹಾಕುತ್ತ ಹೋದರೆ ಊರಿನಲ್ಲಿ ಒಂದು ಕಚೇರಿಯೂ ನೆಟ್ಟಗೆ ನಿಲ್ಲುವುದಿಲ್ಲ, ಫಲಕದಲ್ಲಿ ಕೇಳಿದ್ದಷ್ಟನ್ನು ಬರೆ ಎಂದರು. ಮಾತಿನಲ್ಲಿ ಕೆಟ್ಟತನವಿರಲಿಲ್ಲ. ನನ್ನನ್ನು ಇಷ್ಟು ವರ್ಷ ಮಗನ ಹಾಗೆ ನೋಡಿಕೊಂಡವರು, ಕಾಯಿಲೆ ಬಿದ್ದಾಗ ಗಂಜಿ ಕಳಿಸಿದವರು. ಅದಕ್ಕೇ ಲೆಕ್ಕದ ಕಾಗದ ಎತ್ತಿಕೊಂಡು ಹೊರಗೆ ಬಂದೆ.

ಕೆಲವು ದಿನ ಹಾಗೇ ಒದ್ದಾಡಿದೆ. ಫಲಕಕ್ಕೆ ಹಲಗೆ ಬಂತು, ಬಣ್ಣ ಬಂತು, ಬರೆಯುವವನೂ ಬಂದ. ಇಂದುಮತಿಗೆ ಎಲ್ಲವನ್ನೂ ಹೇಳಿದೆ. ಅವಳು ಮೊದಲು ಸಿಟ್ಟಾದಳು. ನೆಟ್ಟಗಿರುವ ಕೆಲಸ ಬಿಟ್ಟು ಹಳ್ಳಕ್ಕೆ ಬೀಳುವ ಕಚೇರಿಯ ಚಿಂತೆ ನಿಮಗೇಕೆ, ಅಲ್ಲಿ ಹೋಗಿ ಕೂತ ಮೇಲೆ ಅದು ದಾಟಿದರೆ ನಿಮ್ಮ ನೌಕರಿಯೂ ಅದರ ಜೊತೆಗೇ ದಾಟುತ್ತದೆ, ಮಗಳ ಶಾಲೆಯ ಗತಿ ಏನು ಎಂದು ಕೇಳಿದಳು. ರೊಟ್ಟಿ ಬಡಿಯುತ್ತ ಬಡಿಯುತ್ತ ಅವಳ ದನಿ ಇಳಿಯಿತು.

“ಆ ರತ್ನಾಬಾಯಾರು ಒಬ್ರೇ ಕುಂತಿರೋದು ಖರೆನಾ?” ಎಂದಳು.

“ಖರೆ.”

“ಹಂಗಾದ್ರ ನಿಮ್ಮ ಕಾಲು ಇಲ್ಲಿ ನಿಲ್ಲಂಗಿಲ್ಲ. ಹೋಗ್ರಿ. ಆಮ್ಯಾಲ ಏನಾಗತೈತೋ ಆಗ್ಲಿ.”

ಫಲಕಕ್ಕೆ ಒಪ್ಪಿಗೆ ಕೊಡುವ ಸಭೆ ಆಯುಕ್ತರ ಕೋಣೆಯಲ್ಲಿ ಸೇರಿತು. ಎಲ್ಲ ಕಚೇರಿಗಳ ಮುಖ್ಯಸ್ಥರೂ ಬಂದಿದ್ದರು. ರತ್ನಾಬಾಯಿ ಮಾತ್ರ ಬಂದಿರಲಿಲ್ಲ. ಬಂದರೆ ಕಚೇರಿಗೆ ಬೀಗ ಹಾಕಬೇಕಾಗುತ್ತಿತ್ತು. ನಾನು ಲೆಕ್ಕ ಓದಿದೆ. ಕೊನೆಯ ಸಾಲಿಗೆ ಬಂದಾಗ ಓದುವುದನ್ನು ನಿಲ್ಲಿಸಿದೆ. ಕಾಗದವನ್ನು ಮೇಜಿನ ಮೇಲಿಟ್ಟೆ.

“ಈ ಲೆಕ್ಕ ತಪ್ಪು ಐತ್ರಿ,” ಎಂದೆ. “ಜನನ ಮರಣ ಕಚೇರಿಯೊಳಗ ಆರು ಜನ ಇಲ್ಲ. ಒಬ್ಬರೇ ಇರೋದು. ಉಳಿದವರು ಬ್ಯಾರೆ ಬ್ಯಾರೆ ಕಡೆ ಅದಾರ. ಅದರಾಗ ಒಬ್ಬ ನಾನು. ಒಬ್ಬಾಂವ ನಿಮ್ಮ ಬಂಗ್ಲೆದಾಗ ಅದಾನ.”

ನಾಡಗೌಡರು ನೆಲ ನೋಡಿದರು. ತೆರಿಗೆ ಕಚೇರಿಯ ಸಾಹೇಬರು ಕೆಮ್ಮಿದರು. ಆಯುಕ್ತರ ಮುಖ ಕೆಂಪಾಯಿತು, ಆಮೇಲೆ ತಿಳಿಯಾಯಿತು. ನೀವೇ ಮಾಡಿದ ಲೆಕ್ಕವಲ್ಲವೇ ಎಂದು ಕೇಳಿದರು. ಹೌದೆಂದೆ. ನೀವು ಅಳತೆ ಶಾಖೆಯಲ್ಲಿ ಇರಬಾರದವರು ಎಂದ ಹಾಗಾಯಿತು ಎಂದರು. ಅದಕ್ಕೂ ಹೌದೆಂದೆ. ಅಲ್ಲೇ ಪೆನ್ನು ತೆಗೆದು ನನ್ನ ನಿಯೋಜನೆ ರದ್ದಾಯಿತೆಂದು ಬರೆದು ಕೈಗೆ ಕೊಟ್ಟರು. ಫಲಕ ಮಾತ್ರ ಇದ್ದ ಹಾಗೆಯೇ ನಿಲ್ಲುತ್ತದೆ, ಹೇಳಿದ ದಿನಕ್ಕೇ ನಿಲ್ಲುತ್ತದೆ ಎಂದರು. ಆ ಆದೇಶ ಶಿಕ್ಷೆಯೋ ನ್ಯಾಯವೋ ನನಗೆ ಇವತ್ತಿಗೂ ತಿಳಿದಿಲ್ಲ. ಅವರಿಗೂ ತಿಳಿದಿರಲಿಕ್ಕಿಲ್ಲ.

ಮರುದಿನ ಬೆಳಗ್ಗೆ ಹೋಗಿ ಕಿಟಕಿಯ ಬದಿಯ ಕುರ್ಚಿಯಲ್ಲಿ ಕೂತೆ. ರತ್ನಾಬಾಯಿ ಆದೇಶ ಓದಿ, ಮಡಚಿ, ಮಸಿಕುಡಿಕೆಯ ಅಡಿಗಿಟ್ಟು, ಒಂದು ಹೊರೆ ಅರ್ಜಿ ತಂದು ನನ್ನ ಮುಂದೆ ಹಾಕಿದರು. ಸರಪಳಿ ಹಿಡಿದ ಕೈಗೆ ಆ ಕೆಲಸ ಬರಲಿಲ್ಲ. ಮೊದಲ ದಿನವೇ ಒಂದು ಕೂಸಿನ ತಂದೆಯ ಹೆಸರನ್ನು ತಾಯಿಯ ಜಾಗದಲ್ಲಿ ಬರೆದೆ. ಸತ್ತ ತಾರೀಖಿನ ಜಾಗದಲ್ಲಿ ಅರ್ಜಿ ಕೊಟ್ಟ ತಾರೀಖು ಹಾಕಿದೆ. ರತ್ನಾಬಾಯಿ ನೋಡಿ, ಹಾಳೆಯನ್ನು ಅಡ್ಡಕ್ಕೆ ಹರಿದು, ನೀವು ಇನ್ನೂ ಗೋಡೆ ಮುಟ್ಟಿ ಓಡಕತ್ತೀರಿ, ಒಳಗ ಬಂದು ಬರೀರಿ ಎಂದರು. ಮಧ್ಯಾಹ್ನ ಯಲ್ಲವ್ವ ಬಂದಳು, ಹೋದ ಸಲವೂ ಸರದಿ ಸಿಗದೆ ಹಿಂದಿರುಗಿದ್ದಳಂತೆ. ಅವಳ ಗಂಡನ ಹೆಸರು ದುರಗಪ್ಪ. ಅವನ ವಯಸ್ಸು, ಊರು, ಜ್ವರ ಬಂದ ವಾರ, ಹೋದ ದಿನ, ಎಲ್ಲವನ್ನೂ ಕೇಳಿ ಕೇಳಿ ಬರೆದೆ. ಮೊಹರು ಹಾಕಿದ ಕಾಗದವನ್ನು ಅವಳು ಎರಡೂ ಕೈಯಲ್ಲಿ ಹಿಡಿದು, ಓದಲು ಬಾರದಿದ್ದರೂ ಬಹಳ ಹೊತ್ತು ನೋಡಿದಳು. ಇಷ್ಟು ದಿನ ಬಾರದ ಅಳು ಆಗ ಬಂತು. ಮೆಟ್ಟಿಲ ಮೇಲೆ ಕೂತು ಅತ್ತು, ಮುಖ ಒರಸಿಕೊಂಡು, ಗಿರಣಿಯ ಪಾಳಿಗೆ ಹೊತ್ತಾಯಿತೆಂದು ಹೋದಳು.

ನಾನು ಬಂದೆನೆಂದು ಕಚೇರಿಯೇನೂ ಓಟ ನಿಲ್ಲಿಸಲಿಲ್ಲ. ಕೂಡಿಬಿದ್ದ ಅರ್ಜಿಗಳ ಭಾರಕ್ಕೆ ಇಳಿಜಾರು ಹಿಡಿದ ಬಂಡಿಯಂತೆ ಹಳ್ಳದ ಕಡೆ ಜಾರುತ್ತಲೇ ಇತ್ತು. ಒಂದು ದಿನ ಹಿಂದಿನ ಗೋಡೆ ಜೊಂಡಿನೊಳಗೆ ಹೊಕ್ಕಿತು. ಇನ್ನೊಂದು ದಿನ ದಾಖಲೆ ಕೋಣೆಯಲ್ಲಿ ಕಪ್ಪೆ ಕೂಗಿತು. ನಾವು ಹಳೆಯ ಕಟ್ಟುಗಳನ್ನೆಲ್ಲ ಅಟ್ಟದ ಮೇಲೇರಿಸಿದೆವು. ಪೇಟೆಯಲ್ಲಿ ಫಲಕ ನಿಲ್ಲಿಸಿದ ದಿನ ವಾಲಗದ ಸದ್ದು ಗಾಳಿಯಲ್ಲಿ ನಮ್ಮವರೆಗೂ ಬಂತು. ನಮ್ಮ ಕಚೇರಿಯ ಹೆಸರನ್ನು ಕೆಂಪು ಅಕ್ಷರದಲ್ಲಿ, ಎಲ್ಲಕ್ಕಿಂತ ಕೆಳಗೆ ಬರೆದಿದ್ದಾರೆ ಎಂದು ಸಾಲಿನಲ್ಲಿದ್ದವನೊಬ್ಬ ಹೇಳಿದ. ರತ್ನಾಬಾಯಿ ತಲೆ ಎತ್ತದೆ, ಕೆಳಗ ಬರೆದ್ರ ಓದಾಕ ಸಣ್ಣ ಹುಡುಗರಿಗೂ ಎಟುಕತೈತಿ ಎಂದರು. ಆದರೆ ಅವತ್ತು ಅವರ ಪೆನ್ನು ಹಾಳೆಗೆ ಒತ್ತಿ ಒತ್ತಿ ತೂತು ಮಾಡುತ್ತಿತ್ತು.

ಫಲಕದ ದಿನದಿಂದಲೇ ಎಂದು ಆಯುಕ್ತರು ಹೇಳಿದ್ದರೂ, ನಿಯಮದ ಪ್ರಕಾರ ಹುದ್ದೆಗಳನ್ನು ಕಿತ್ತುಕೊಡುವ ಆದೇಶ ಬರಬೇಕಾದರೆ ಕಚೇರಿಯ ಹೊಸ್ತಿಲು ಹಳ್ಳ ದಾಟಿದೆ ಎಂದು ಅಳತೆ ಶಾಖೆಯವರು ಬರೆದುಕೊಡಬೇಕಿತ್ತು. ನನ್ನ ಜಾಗಕ್ಕೆ ಯಾರನ್ನೂ ಕೊಡದ ಕಾರಣ ನಾಡಗೌಡರೇ ಸರಪಳಿಯ ಒಂದು ತುದಿ ಹಿಡಿದು ಯಮನಪ್ಪನ ಜೊತೆ ಬಂದರು. ಅಷ್ಟು ದೂರ ಅವರು ನಡೆದು ಎಷ್ಟು ವರ್ಷವಾಗಿತ್ತೋ. ಅಂಗಿ ಬೆನ್ನಿಗೆ ಅಂಟಿತ್ತು, ಉಸಿರು ಸಿಕ್ಕುತ್ತಿರಲಿಲ್ಲ. ಕಿಟಕಿಯಿಂದ ನಾನು ಅವರನ್ನು ನೋಡಿದೆ, ಅವರು ನನ್ನನ್ನು ನೋಡಿದರು. ಎದ್ದು ಹೋಗಬೇಕೆನಿಸಿತು, ಎದುರಿಗೆ ಬಾಣಂತಿಯೊಬ್ಬಳು ಕೂಸನ್ನು ಮಡಿಲಲ್ಲಿ ಹಾಕಿಕೊಂಡು ಕೂತಿದ್ದಳು, ಏಳಲಿಲ್ಲ. ಸರಪಳಿಯ ಕೊಂಡಿ ಗೋಡೆಗೆ ತಾಗಿದ ಸದ್ದು ಕೇಳಿತು. ಎಷ್ಟೋ ಸಲ ಹೊರಗಿನಿಂದ ಕೇಳಿದ ಸದ್ದು, ಒಳಗಿನಿಂದ ಕೇಳಿದಾಗ ಯಾರೋ ಬಾಗಿಲು ಬಡಿದ ಹಾಗಿತ್ತು.

ಬಹಳ ಹೊತ್ತಿನ ಮೇಲೆ ಯಮನಪ್ಪ ಒಳಗೆ ಬಂದ. ಹೆಗಲ ಮೇಲಿನ ವಲ್ಲಿಯಿಂದ ಮುಖ ಒರಸಿಕೊಂಡು, ನನ್ನ ಮೇಜಿನ ಅಂಚು ಹಿಡಿದು ನಿಂತ.

“ಎರಡು ಸಲ ಅಳದ್ವಿ,” ಎಂದ. “ಹ್ವಾದ ವಾರ ನಾನು ಬಂದು ಗುರುತು ಇಟ್ಟು ಹೋಗಿದ್ದೆ. ಅಲ್ಲೇ ಐತಿ. ಒಂದು ಬೆರಳಿನಷ್ಟೂ ಸರದಿಲ್ಲ.”

ಹೊರಗೆ ನಾಡಗೌಡರು ಮೆಟ್ಟಿಲ ಮೇಲೆ ಕೂತಿದ್ದರು. ಹುಸೇನಬಿ ಕೊಟ್ಟ ಚಹಾ ಕುಡಿಯುತ್ತಿದ್ದರು. ನಾನು ಹೊರಬರುವ ಹೊತ್ತಿಗೆ ಎದ್ದು ಹೊರಟಿದ್ದರು. ದಾಟಿಲ್ಲ ಎಂದೇ ಬರೆದುಕೊಟ್ಟರು. ಇದ್ದದ್ದನ್ನು ಇದ್ದ ಹಾಗೆ ಬರೆಯುವುದರಲ್ಲಿ ಅವರು ಎಂದೂ ಹಿಂದೆ ಬಿದ್ದವರಲ್ಲ. ಮುಂದಿನ ವಾರ ಸಿದ್ಲಿಂಗ ಬಂಗಲೆಯಿಂದ ತಿರುಗಿ ಬಂದ, ಕೈಯಲ್ಲಿ ಆದೇಶ ಹಿಡಿದು. ಆಯುಕ್ತರೇ ಬರೆದುಕೊಟ್ಟರಂತೆ. ಅವನಿಗೆ ಓದು ಅಷ್ಟಕ್ಕಷ್ಟೇ, ಆದರೆ ಹಳೆಯ ಕಟ್ಟುಗಳಲ್ಲಿ ಬೇಕಾದ್ದನ್ನು ಹುಡುಕಿ ತರುವುದರಲ್ಲಿ ಚುರುಕು. ಉಳಿದ ಮೂವರು ಬರಲಿಲ್ಲ, ಈಗಲೂ ಬಂದಿಲ್ಲ. ಕಚೇರಿ ಜೊಂಡಿನಲ್ಲಿ ಬೆನ್ನು ಒದ್ದೆ ಮಾಡಿಕೊಂಡು ಒಂದು ಹಂಗಾಮು ಪೂರ್ತಿ ಅಲ್ಲೇ ನಿಂತಿತ್ತು. ಆಮೇಲೆ ಒಂದು ಬೆಳಗ್ಗೆ ನೋಡಿದರೆ ಹಿಂದಿನ ಗೋಡೆಯ ಬುಡ ಒಣಗಿತ್ತು. ರತ್ನಾಬಾಯಿ ಅದನ್ನು ಮುಟ್ಟಿ ನೋಡಿ, ಕೈ ಒರಸಿಕೊಂಡು ಮೇಜಿಗೆ ಹೋದರು.

ಅದಾದ ಕೆಲವು ದಿನಕ್ಕೆ, ಸಂಜೆ ಬೀಗ ಹಾಕುವಾಗ, ನಾಳೆ ನಾನು ಬರುವುದಿಲ್ಲ ಎಂದರು. ಎಲ್ಲಿಗೆ ಎಂದು ಕೇಳಿದೆ. ಎಲ್ಲಿಗೂ ಇಲ್ಲ, ಮನೆಯಲ್ಲೇ ಇರುತ್ತೇನೆ, ತಲೆಗೆ ಎಣ್ಣೆ ಹಾಕಿಸಿಕೊಂಡು ಹೊತ್ತು ಮುಳುಗುವತನ ಮಲಗಬೇಕು ಎಂದರು. ಈ ಕಚೇರಿಯಲ್ಲಿ ತಾವು ರಜೆ ಹಾಕಿದ್ದು ಯಾವಾಗ ಎಂದು ಅವರಿಗೇ ನೆನಪಿರಲಿಲ್ಲ. ಬೀಗದ ಕೈ ನನ್ನ ಅಂಗೈಯಲ್ಲಿಟ್ಟು, ತಿರುಗಿ ನೋಡದೆ ನಡೆದುಬಿಟ್ಟರು. ನಡಿಗೆಯಲ್ಲಿ ಸ್ವಲ್ಪ ಕುಂಟು ಇರುವುದನ್ನು ನಾನು ಅವತ್ತೇ ಮೊದಲು ಗಮನಿಸಿದ್ದು.

ಮರುದಿನ ಬೆಳಗಿನಿಂದಲೇ ನನ್ನ ಹಳೆಯ ತಳಮಳ ಮರಳಿತು. ಅವರಿಲ್ಲದ ದಿನವೇ ಕಚೇರಿ ಜಾರಿಬಿಟ್ಟರೆ? ಸಿದ್ಲಿಂಗನೂ ಜ್ವರವೆಂದು ಹೇಳಿ ಕಳಿಸಿದ್ದ. ಜನ ಬಂದರು, ಬರೆದೆ. ಎರಡು ಕಡೆ ತಪ್ಪಿದೆ, ನಾನೇ ಹರಿದು ನಾನೇ ಮತ್ತೆ ಬರೆದೆ. ನಡುನಡುವೆ ಎದ್ದು ಹೋಗಿ ಹಿಂದಿನ ಗೋಡೆ ನೋಡಿದೆ. ಕಿಟಕಿಯ ಎದುರಿನ ಜಾಲಿಮರ ಹತ್ತಿರವಾಯಿತೇ, ದೂರವಾಯಿತೇ ಎಂದು ಕಣ್ಣು ಕಿರಿದು ಮಾಡಿ ನೋಡಿದೆ. ಸರಪಳಿ ಕೈಯಲ್ಲಿಲ್ಲದೆ ಏನೂ ತಿಳಿಯುತ್ತಿರಲಿಲ್ಲ. ಇಷ್ಟು ವರ್ಷ ಅಳೆದವನಿಗೆ ಅಳೆಯದೆ ಇರುವುದು ದೊಡ್ಡ ಹಿಂಸೆ. ಸಂಜೆಯಾಯಿತು. ಸಾಲು ಕರಗಿತು. ಬಾಗಿಲೆಳೆದು ಬೀಗ ಹಾಕಿ, ಅಂಗಳದಲ್ಲಿ ನಿಂತು, ಗೋಡೆಯಿಂದ ಮರದವರೆಗೆ ಹೆಜ್ಜೆ ಹಾಕಿ ಎಣಿಸೋಣವೆಂದು ಒಂದು ಕಾಲು ಮುಂದಿಟ್ಟೆ.

ಕಾಲುದಾರಿಯಲ್ಲಿ ಒಬ್ಬ ಮನುಷ್ಯ ಓಡುತ್ತ ಬರುತ್ತಿದ್ದ. ನಡುವಯಸ್ಸಿನವನು, ಮೈತುಂಬ ಇಟ್ಟಿಗೆ ಭಟ್ಟಿಯ ಕೆಂಪು ಧೂಳು. ಹತ್ತಿರ ಬಂದು, ಬೀಗ ನೋಡಿ, ಅಲ್ಲೇ ನಿಂತುಬಿಟ್ಟ. ಮಧ್ಯಾಹ್ನ ತನ್ನ ಹೆಂಡತಿಗೆ ಹೆರಿಗೆಯಾಯಿತು, ಹೆಣ್ಣು ಕೂಸು, ಭಟ್ಟಿಯ ಮಾಲೀಕ ಈಗಷ್ಟೇ ಬಿಟ್ಟ, ಬೆಳಗಾಗುವುದರೊಳಗೆ ಬೇರೆ ಊರಿನ ಭಟ್ಟಿಗೆ ಲಾರಿ ಹತ್ತಬೇಕು ಎಂದು ಏದುಸಿರಿನಲ್ಲೇ ಹೇಳಿದ. ಹೆಸರು ಇನ್ನೂ ಇಟ್ಟಿಲ್ಲ, ಹೆಸರಿಲ್ಲದೆ ಬರೆಯುತ್ತಾರೋ ಇಲ್ಲವೋ ಎಂದು ನನ್ನ ಮುಖವನ್ನೇ ನೋಡಿದ.

“ತಡ ಆತೇನ್ರಿ ಸರ?” ಎಂದ.

ಜಾಲಿಮರದ ನೆರಳು ನಮ್ಮಿಬ್ಬರ ಕಾಲ ಬುಡದವರೆಗೂ ಬಂದಿತ್ತು. ಮುಂದಿಟ್ಟ ಕಾಲನ್ನು ಹಿಂದಕ್ಕೆ ತೆಗೆದುಕೊಂಡೆ.

“ಇಲ್ಲ, ಬರ್ರಿ,” ಎಂದೆ. “ಹೆಸರು ಆಮ್ಯಾಲ ಸೇರಿಸೋಣ. ಮೊದಲ ಕೂಸು ಹುಟ್ಟಿದ್ದು ಬರಿಯೋಣ.”

ಬೀಗ ತೆಗೆದು, ದೀಪ ಹಾಕಿ, ಅವನಿಗೆ ಕೂರಲು ಕುರ್ಚಿ ಎಳೆದುಕೊಟ್ಟೆ.